ಹೆಡತಲೆಗೆ ಹೊರಟ ಕಿರಿಯ ಡಾಕ್ಟರಿಗೆ

ಮಗೂ,

ಗ್ರಾಮೀಣ ಸೇವೆಗೆ ನಿನಗೆ ನಂಜನಗೂಡು ತಾಲ್ಲೂಕಿನ ಹೆಡತಲೆ ಕಡೆ ಪೋಸ್ಟಿಂಗ್ ಆಯಿತೆಂದು ಕೇಳಿ ಸಂತೋಷವಾಯಿತು. ಜ್ವರ, ಬಿ.ಪಿ., ಸಕ್ಕರೆ, ಬಸುರಿಯರ ತಪಾಸಣೆ, ನಾಯಿ ಕಡಿತ, ಹಾವು ಕಡಿತ ಇವನ್ನೆಲ್ಲ ನೀನು ಸಂಭಾಳಿಸುತ್ತೀಯ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ಚಿಂತೆ ಇನ್ನೊಬ್ಬ ರೋಗಿಯ ಬಗ್ಗೆ. ಅವಳು ನಿನ್ನ ಓಪಿಡಿಗೆ ಮೊದಲ ವಾರದಲ್ಲೇ ಬಂದಾಳು. ಮೊಣಕೈ ಕೆಳಗೆ, ಕಿರುಬೆರಳಿನ ಬದಿಗೆ ಊದಿಕೊಂಡಿರುತ್ತದೆ. ಏನಾಯ್ತು ಅಂತ ಕೇಳಿದರೆ "ಬಚ್ಚಲಲ್ಲಿ ಜಾರ್ಬುಟ್ಟೆ ಕನಪ್ಪ" ಅನ್ನುತ್ತಾಳೆ. ಇಲ್ಲವೆ ಎಮ್ಮೆಯ ಮೇಲೆ ಹಾಕುತ್ತಾಳೆ. ನೀನು ಎಕ್ಸ್‌ರೇಗೆ ನಂಜನಗೂಡಿಗೆ ಬರೆದು, ನೋವಿನ ಮಾತ್ರೆ ಕೊಟ್ಟು, ಮುಂದಿನ ಚೀಟಿ ಕರೆಯುತ್ತೀಯ. ಆದರೆ ಜಾರಿ ಬಿದ್ದವರಿಗೆ ಸಾಮಾನ್ಯವಾಗಿ ಅಂಗೈಗೆ, ಮಂಡಿಗೆ ಪೆಟ್ಟಾಗುತ್ತದೆ. ಮುಖದ ಮೇಲೆ ಬೀಳುವ ಏಟನ್ನು ತಡೆಯಲು ಕೈ ಎತ್ತಿದವರಿಗೆ ಆ ಕಿರುಬೆರಳಿನ ಬದಿಗೆ ಬೀಳುತ್ತದೆ. ಇದು ನಿನ್ನ ಫೊರೆನ್ಸಿಕ್ ಪಾಠದಲ್ಲೇ ಇತ್ತು. ಆದರೆ ಅದನ್ನು ನೋಡಿದ ಮೇಲೆ ಅವಳೊಂದಿಗೆ ಏನು ಮಾತಾಡಬೇಕು ಅನ್ನುವುದು ಆ ಪಾಠದಲ್ಲಿ ಇರಲಿಲ್ಲ. ಗಾಯದ ಉದ್ದಗಲ, ಆಯುಧ, ಸೆಕ್ಷನ್ ನಂಬರು, ಇಷ್ಟಕ್ಕೇ ನಮ್ಮ ಕಾಲೇಜುಗಳ ಓದು ನಿಂತುಬಿಡುತ್ತದೆ.

ಅಪರೂಪದ ಕೇಸಿಗಾಗಿ ಇಷ್ಟು ಪೀಠಿಕೆಯೇ ಅನ್ನಬೇಡ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದಲ್ಲಿ ನಡೆದದ್ದು 2019–20ರಲ್ಲಿ. ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಆ ಸುತ್ತಿನಲ್ಲಿ ದೇಶದಲ್ಲೇ ಅತಿ ಹೆಚ್ಚು. ದೇಶದ ಸರಾಸರಿ 29. ಅದರ ಹಿಂದಿನ ಸುತ್ತಿನಲ್ಲಿ ನಮ್ಮ ಲೆಕ್ಕ ಸುಮಾರು 21 ಇತ್ತು. ಹೊಡೆತ ಹೆಚ್ಚಾಯಿತೋ ಹೇಳುವ ಧೈರ್ಯ ಹೆಚ್ಚಾಯಿತೋ, ಪಂಡಿತರು ವಾದ ಮಾಡಿಕೊಳ್ಳಲಿ. ನಿನ್ನ ಲೆಕ್ಕ ಸರಳವಾಗಿರಲಿ: ಬೆಳಗಿನ ಸಾಲಿನಲ್ಲಿ ಹತ್ತು ಜನ ಗೃಹಿಣಿಯರು ಕೂತಿದ್ದರೆ ಅವರಲ್ಲಿ ನಾಲ್ವರ ಬಗ್ಗೆ ನಾನು ಹೇಳುತ್ತಿದ್ದೇನೆ. ಅವರಲ್ಲಿ ಹೆಚ್ಚಿನವರು ಹೊರಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಬಿಟ್ಟರೂ ತವರಿಗೆ ಬಿಡುತ್ತಾರೆ, ಡಾಕ್ಟರಿಗೆ ಹೇಳುವವರು ತೀರಾ ವಿರಳ. ಆದರೆ ಮೈ ತೋರಿಸುವುದು ಮಾತ್ರ ಡಾಕ್ಟರಿಗೇ.

ಹೆಡತಲೆಯಲ್ಲಿ ಲಕ್ಷ್ಮೀಕಾಂತನ ಗುಡಿ ನೋಡು, ಹೊಯ್ಸಳರ ಕಾಲದ್ದು. ಹದಿನಾರು ಮುಖದ ಚಾವಡಿ ಅಂತ ಒಂದು ಮಂಟಪವನ್ನು ಊರವರು ತೋರಿಸುತ್ತಾರೆ. ಊರಾಳಿದವನಿಗೆ ಹದಿನಾರು ಜನ ಅಳಿಯಂದಿರಂತೆ, ಒಬ್ಬರಿಗೂ ಕಡಿಮೆಯಾಗದಂತೆ ಎಲ್ಲರಿಗೂ ಒಂದೊಂದು ಆಸನವಂತೆ. ಆ ಹದಿನಾರು ಹೆಣ್ಣುಮಕ್ಕಳು ಎಲ್ಲಿ ಕೂರುತ್ತಿದ್ದರು ಅಂತ ಕಥೆಯಲ್ಲಿ ಇಲ್ಲ. ಅಳಿಯನ ಮರ್ಯಾದೆ ನಮ್ಮ ಸೀಮೆಯಲ್ಲಿ ಇವತ್ತಿಗೂ ಅಷ್ಟೇ ಭಾರದ್ದು. ಮಗಳ ಮೈ ಮೇಲಿನ ಬಾಸುಂಡೆ ನೋಡಿಯೂ ತಾಯಿ ಸುಮ್ಮನಾಗುವುದು ಅದಕ್ಕೇ. ಇದನ್ನು ತಿಳಿದು ಕುರ್ಚಿಯಲ್ಲಿ ಕೂತುಕೋ.

ಹಾಗಾದರೆ ಇಂಥವಳೊಂದಿಗೆ ಮಾತಾಡುವುದನ್ನು ಎಲ್ಲಿ ಕಲಿಯುವುದು? ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಈ ಬಗ್ಗೆ ಮಾರ್ಗಸೂಚಿ ತಂದಿತು, ಮರುವರ್ಷ ಕೈಪಿಡಿ ಮಾಡಿತು, 2019ರಲ್ಲಿ ಡಾಕ್ಟರು, ನರ್ಸುಗಳಿಗಾಗಿಯೇ ಪೂರ್ತಿ ಪಠ್ಯಕ್ರಮ ಹೊರತಂದಿತು. ಕಾಸು ಕೊಡಬೇಕಿಲ್ಲ, ಫೋನಿಗೇ ಇಳಿಸಿಕೊಳ್ಳಬಹುದು. ಅದರ ಸಾರ ಐದು ಕೆಲಸ: ಕಿವಿಗೊಟ್ಟು ಕೇಳು, ಅವಳಿಗೆ ಏನು ಬೇಕೆಂದು ವಿಚಾರಿಸು, ಅವಳ ಮಾತನ್ನು ನಂಬಿದ್ದೇನೆಂದು ತಿಳಿಸು, ಅವಳ ಸುರಕ್ಷತೆ ನೋಡು, ನೆರವಿನ ದಾರಿಗೆ ಹಚ್ಚು. ಬರೆದಾಗ ಸುಲಭ. ನಮ್ಮ ಓಪಿಡಿಯಲ್ಲಿ ಮೊದಲನೆಯದೇ ಕಷ್ಟ, ಯಾಕೆಂದರೆ ಅವಳ ಪಕ್ಕದಲ್ಲಿ ಗಂಡ ನಿಂತಿರುತ್ತಾನೆ, ಅತ್ತೆ ಕೂತಿರುತ್ತಾಳೆ, ಬಾಗಿಲಲ್ಲಿ ಆರು ಜನ ಇಣುಕುತ್ತಿರುತ್ತಾರೆ. ಗಂಡನ ಎದುರಿಗೆ "ಹೊಡೆದರಾ?" ಅಂತ ಕೇಳಿದೆಯೋ, ರಾತ್ರಿ ಅದಕ್ಕೂ ಸೇರಿಸಿ ಬೀಳುತ್ತದೆ. ಅವಳೊಬ್ಬಳೇ ಇರುವಂತೆ ಮಾಡದೆ ಈ ಪ್ರಶ್ನೆ ಎತ್ತಲೇಬೇಡ. ತೂಕ ನೋಡಬೇಕು, ಮೂತ್ರ ಪರೀಕ್ಷೆ ಆಗಬೇಕು, ಸಿಸ್ಟರ್ ಒಳಗೆ ಕರೆಯುತ್ತಾರೆ ಅಂತ ಸಹಜವಾಗಿ ಹೇಳಿದರೆ ಯಾರೂ ಅಡ್ಡ ಬರುವುದಿಲ್ಲ. ಗಂಡು ಮಾತ್ರ ಹೊರಗೆ ಅನ್ನಬೇಡ, ಎಲ್ಲ ರೋಗಿಗಳಿಗೂ ಅದೇ ಪದ್ಧತಿ ಮಾಡು, ಅನುಮಾನ ಬಾರದು.

ಒಳಗೆ ಬಂದ ಮೇಲೆ ನೇರವಾಗಿ "ನಿಮ್ಮ ಗಂಡ ಹೊಡೆಯುತ್ತಾನಾ" ಎಂದರೆ ಅವಳು ಗಂಡನ ಪರವೇ ನಿಲ್ಲುತ್ತಾಳೆ. "ಇಂಥ ಏಟು ಬಿದ್ದು ಬಹಳ ಜನ ಅಕ್ಕಂದಿರು ನಮ್ಮಲ್ಲಿಗೆ ಬರ್ತಾರೆ ಕಣವ್ವ, ಮನೇಲಿ ಜಗಳ ಆಗಿ ಪೆಟ್ಟು ಬಿದ್ದಿರುತ್ತೆ. ನಿಮಗೇನಾದರೂ ಹಾಗೆ?" ಅಂತ ಕೇಳು. ಆಮೇಲೆ ಸುಮ್ಮನಿರು. ಆ ಮೌನವನ್ನು ತುಂಬಲು ಹೋಗಬೇಡ. ಇಲ್ಲ ಎಂದರೆ ಒತ್ತಾಯ ಮಾಡಬೇಡ, ಮುಂದೆ ಯಾವಾಗಲಾದರೂ ಬರಬಹುದು ಅಂತಷ್ಟೇ ಹೇಳಿ ಕಳಿಸು. ಹೌದು ಎಂದರೆ, ನಮ್ಮ ಬಾಯಿಗೆ ಚಟದಂತೆ ಬರುವ ಆ ಮಾತುಗಳನ್ನು ನುಂಗಿಕೋ: ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ, ಮಕ್ಕಳ ಮುಖ ನೋಡು, ನೀನೇನು ಅಂದೆ ಅವನಿಗೆ? ಡಾಕ್ಟರ ಬಾಯಲ್ಲಿ ಇವು ಬಂದರೆ ಆ ಬಾಗಿಲೂ ಮುಚ್ಚಿತು ಅಂತ ಅವಳಿಗೆ ಅರ್ಥವಾಗುತ್ತದೆ. ಅವಳನ್ನು ಗಂಡನಿಂದ ಬಿಡಿಸುವುದು ನಿನ್ನ ಕೆಲಸವಲ್ಲ, ರಾಜಿ ಮಾಡಿಸುವುದಂತೂ ಮೊದಲೇ ಅಲ್ಲ.

ಎರಡು ಪ್ರಶ್ನೆ ಮಾತ್ರ ತಪ್ಪಿಸಬೇಡ. ಒಂದು, ಕತ್ತು ಹಿಸುಕಿದ್ದನೇ? ದನಿ ಗೊಗ್ಗರಾಗಿದ್ದರೆ, ನುಂಗಲು ನೋವಾದರೆ, ಕಣ್ಣಲ್ಲಿ ರಕ್ತದ ಚುಕ್ಕಿ ಕಂಡರೆ ಹೊರಗೆ ಗುರುತಿಲ್ಲದಿದ್ದರೂ ದೊಡ್ಡಾಸ್ಪತ್ರೆಗೆ ಕಳಿಸು. ಉಸಿರಿನ ತೊಂದರೆ ಗಂಟೆಗಟ್ಟಲೆ ತಡವಾಗಿಯೂ ಬರಬಹುದು. ಕತ್ತಿಗೆ ಕೈ ಹಾಕಿದವನು ಮುಂದೆ ಕೊಂದೂ ಹಾಕುವ ಸಂಭವ ಜಾಸ್ತಿ. ಇನ್ನೊಂದು, ಈಗ ಮನೆಗೆ ಹೋಗಲು ಭಯವಿದೆಯೇ?

ಹಿಂಸೆ ಯಾವಾಗಲೂ ಗಾಯವಾಗಿಯೇ ಬರುವುದಿಲ್ಲ. ತಿಂಗಳಿಗೆರಡು ಸಲ ತಲೆನೋವು, ಮೈಕೈ ನೋವು, ಬಿಳಿಸೆರಗು, ನಿದ್ದೆಯಿಲ್ಲ ಅಂತ ಬರುವವಳು, ಎಲ್ಲ ಪರೀಕ್ಷೆ ಸರಿಯಿದ್ದೂ ವಾಸಿಯಾಗದವಳು. ಅವಳ ಚೀಟಿಯಲ್ಲಿ ಬಿ ಕಾಂಪ್ಲೆಕ್ಸ್ ಬರೆಯುವ ಮುಂಚೆ ಎರಡು ನಿಮಿಷ ಮಾತಾಡು. ಇನ್ನು ವಿಷ ಕುಡಿದು ಬರುವವರು. ಹತ್ತಿ, ಭತ್ತಕ್ಕೆ ಹೊಡೆಯುವ ಔಷಧಿ ಎಲ್ಲರ ಮನೆಯಲ್ಲೂ ಇರುತ್ತದೆ. ಹೊತ್ತು ತಂದವರು "ಹೊಟ್ಟೆನೋವು ತಾಳ್ದೆ ಕುಡುದ್ಬುಟ್ಲು" ಅನ್ನುತ್ತಾರೆ. ಈ ಹೊಟ್ಟೆನೋವಿನ ಚರಿತ್ರೆ ದೊಡ್ಡದು. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೂತು, ಎಳೆಯ ಸೊಸೆಯಂದಿರ ಸಾವಿನ ಕಡತಗಳನ್ನು ತೆಗೆಸಿ ನೋಡಿದಾಗ ಸಿಕ್ಕಿದ್ದೂ ಇದೇ: ಸ್ಟವ್ ಸಿಡಿದು, ಹೊಟ್ಟೆನೋವು ತಾಳದೆ. ಬಂದವರು ಹೇಳಿದ್ದನ್ನೇ ಡಾಕ್ಟರು ಬರೆದರು, ಡಾಕ್ಟರು ಬರೆದದ್ದನ್ನೇ ಪೊಲೀಸರು ಬರೆದರು. ನೀನು ಮೊದಲು ಅಟ್ರೋಪಿನ್ ಕೊಡು, ಜೀವ ಉಳಿಸು. ಎಚ್ಚರ ಬಂದ ಮೇಲೆ ಅವಳನ್ನೇ ಕೇಳು, ಯಾರು ಹೇಳಿದ್ದೆಂದು ನಮೂದಿಸಿಯೇ ಬರೆ. ಕೇಸಾಗುತ್ತದೆ ಅಂತ ಹೆದರಿಸಲು ಬಿಡಬೇಡ; 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಅವಳಿಗೆ ಬೇಕಾದ್ದು ಶಿಕ್ಷೆಯಲ್ಲ, ಆರೈಕೆ.

ಬರವಣಿಗೆಯ ಮಾತು ಬಂತು. ನಾಳೆ ಕೋರ್ಟಿನಲ್ಲಿ ಅವಳ ಪರ ಉಳಿಯುವುದು ನಿನ್ನ ಎರಡು ಸಾಲು. "ಅಸಾಲ್ಟ್" ಅಂತ ಒಂದು ಪದ ಗೀಚಿ ಬಿಡಬೇಡ. ಗಂಡ ಸೌದೆಯಿಂದ ಬೆನ್ನಿಗೆ ಹೊಡೆದನೆಂದು ಹೇಳುತ್ತಾಳೆ ಅಂತ ಅವಳ ಮಾತಲ್ಲೇ ಬರೆ. ದೇಹದ ಚಿತ್ರದ ಮೇಲೆ ಗಾಯ ಗುರುತಿಸು, ಅಳತೆ ಹಾಕು, ಹಳೆಯ ಕಲೆಗಳನ್ನೂ ಬಿಡಬೇಡ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 7ನೇ ಕಲಮು, ನಿಯಮಗಳಲ್ಲಿ 17ನೆಯದು ನಿನ್ನ ಕುರಿತೇ ಇವೆ. ದೂರು ಕೊಟ್ಟಿಲ್ಲವೆಂದು ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಘಟನಾ ವರದಿ ಇನ್ನೂ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಒಂದನೇ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ನಮ್ಮಲ್ಲಿ ಸಂರಕ್ಷಣಾಧಿಕಾರಿ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ. ಆ ನಮೂನೆಯ ಮುಖವನ್ನೇ ನೋಡದೆ ನಿವೃತ್ತರಾದ ಡಾಕ್ಟರುಗಳು ಎಷ್ಟೋ. ಅವಳ ಒಪ್ಪಿಗೆ ಕೇಳಿ, ಅದರಿಂದ ಏನಾಗುತ್ತದೆಂದು ತಿಳಿಸಿ, ಆಮೇಲೆ ತುಂಬು.

ಅತ್ಯಾಚಾರದ ಕೇಸು ಬಂದರೆ ಕೈ ನಡುಗುವುದು ಸಹಜ. ಅದಕ್ಕೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಮಾಡಿದೆ. ಪ್ರಿಂಟ್ ತೆಗೆಸಿ ಮೇಜಿನ ಡ್ರಾಯರಿನಲ್ಲಿಡು. ಎರಡು ಬೆರಳಿನ ಪರೀಕ್ಷೆ ಹೆಣ್ಣಿನ ಘನತೆಗೆ ಕುಂದು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಆದರೂ ನಿಲ್ಲಲಿಲ್ಲ. 2022ರ ಅಕ್ಟೋಬರ್ 31ರಂದು ಅದೇ ಕೋರ್ಟ್, ಇದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಎಂದಿತು, ಮೆಡಿಕಲ್ ಕಾಲೇಜುಗಳ ಪಠ್ಯವನ್ನೇ ಪರಿಶೀಲಿಸಿ ತಿದ್ದಲು ಹೇಳಿತು. ಒಂಬತ್ತು ವರ್ಷ ಒಂದು ತೀರ್ಪು ಪಾಠದ ಕೋಣೆಗೆ ಬರಲಿಲ್ಲವೆಂದರೆ ದೋಷ ಕಲಿಸುವ ನಮ್ಮದು. ನಿನ್ನ ಹಳೆಯ ಪುಸ್ತಕದಲ್ಲಿ ಆ ಪುಟವಿದ್ದರೆ ಅಡ್ಡಗೆರೆ ಎಳೆ. "ರೇಪ್ ಆಗಿಲ್ಲ" ಅಂತ ಬರೆಯುವ ಅಧಿಕಾರವೂ ನಿನಗಿಲ್ಲ. ಅದು ಕೋರ್ಟಿನ ನಿರ್ಣಯ, ರೋಗನಿರ್ಣಯವಲ್ಲ. ಗಾಯವಿಲ್ಲವೆಂದರೆ ಒಪ್ಪಿಗೆಯಿತ್ತು ಎಂದೂ ಅಲ್ಲ.

ನೀನು ಗಂಡು ಡಾಕ್ಟರು. ಲೇಡಿ ಡಾಕ್ಟರ್ ಸಿಗುವುದಾದರೆ ಅವರೇ ನೋಡಲಿ; ಸಿಗದಿದ್ದರೆ ಅದೇ ನೆಪದಲ್ಲಿ ಅವಳನ್ನು ಊರೂರು ಅಲೆಸಬೇಡ, ಸಿಸ್ಟರ್ ಜೊತೆಯಲ್ಲಿ, ಅವಳ ಒಪ್ಪಿಗೆಯಿಂದ ಪರೀಕ್ಷಿಸು. ಹೆಣ್ಣುಮಗುವಾದರೆ ಮಾತ್ರ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ ಪ್ರಕಾರ ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ನಂಜನಗೂಡಿಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಫೋನ್ ಮಾಡಿ ಹೇಳಿಯೇ ಕಳಿಸು. ಆದರೆ ಕಳಿಸುವ ಮುಂಚಿನ ಚಿಕಿತ್ಸೆ ನಿನ್ನದು, ಅದಕ್ಕೆ ಎಫ್‌ಐಆರ್ ಕೇಳಬೇಡ. ಗರ್ಭ ತಡೆಯುವ ಮಾತ್ರೆ 72 ಗಂಟೆಯೊಳಗೆ ಕೊಟ್ಟರೆ ಒಳ್ಳೆಯದು, ಐದು ದಿನದವರೆಗೂ ಪ್ರಯೋಜನವಿದೆ. ಎಚ್‌ಐವಿ ತಡೆಯುವ ಮಾತ್ರೆಗೆ 72 ಗಂಟೆ ದಾಟಬಾರದು. ಸಾಕ್ಷ್ಯಕ್ಕಿಂತ ಇದು ಮೊದಲು. 2024ರ ಜುಲೈ 1ರಿಂದ ಕಾನೂನಿನ ನಂಬರುಗಳು ಬದಲಾಗಿವೆ, ಅದನ್ನೂ ಹೊಸದಾಗಿ ಓದಿಕೋ: ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನಂತೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆಯವರು ಉಚಿತ ಚಿಕಿತ್ಸೆ ಕೊಡಲೇಬೇಕು, 184ರಂತೆ ಪರೀಕ್ಷೆಯ ವರದಿ ಏಳು ದಿನದೊಳಗೆ ತನಿಖಾಧಿಕಾರಿಗೆ ಹೋಗಬೇಕು. ದೊಡ್ಡವಳೊಬ್ಬಳು ಪೊಲೀಸು ಬೇಡವೆಂದರೆ ಅದನ್ನು ಅವಳ ಸಹಿಯೊಂದಿಗೆ ದಾಖಲಿಸು, ಚಿಕಿತ್ಸೆ ನಿಲ್ಲಿಸಬೇಡ.

ಎಲ್ಲಕ್ಕಿಂತ ಕಷ್ಟದ್ದು ತಾಯಿ ಕಾರ್ಡ್ ಮಾಡಿಸಲು ಬರುವ ಹದಿನೇಳರ ಹುಡುಗಿ. ಮದುವೆಯಾಗಿದೆ, ಐದು ತಿಂಗಳ ಬಸುರಿ, ಕೊರಳಲ್ಲಿ ಕರಿಮಣಿ. ಪೋಕ್ಸೊ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ನಿನಗೆ ಶಿಕ್ಷೆ. ತಿಳಿಸಿದರೆ ಅವಳ ಗಂಡ ಜೈಲಿಗೆ, ಅವಳ ಹೆರಿಗೆ ಯಾರ ಮನೆಯಲ್ಲೋ. ಅದಕ್ಕೆ ಹೆದರಿ ಇಂಥವರು ಆಸ್ಪತ್ರೆಗೇ ಬರದೆ ಮನೆಯಲ್ಲಿ ಹೆರುವ ಅಪಾಯವಿದೆ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಹೆಸರು ಬಿಡಬಹುದೆಂದು 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿತು. ಹೆರಲು ಬಂದವಳಿಗೆ ಅಂಥ ದಾರಿಯಿಲ್ಲ. ಕಾನೂನು ಪಾಲಿಸು, ಆದರೆ ತಿಳಿಸಬೇಕಾಗುತ್ತದೆಂದು ಅವಳಿಗೆ ಮೊದಲೇ ಹೇಳು, ಬೈಯಬೇಡ, ಮುಂದಿನ ತಪಾಸಣೆಗೆ ಬರುವಂತೆ ನೋಡಿಕೋ. ಇದಕ್ಕಿಂತ ಸುಲಭದ ಉಪಾಯ ನನ್ನಲ್ಲಿಲ್ಲ.

ಇದನ್ನೆಲ್ಲ ಒಬ್ಬನೇ ಹೊರಬೇಡ. ಮುಂಬಯಿಯ ಬಾಂದ್ರಾ ಭಾಭಾ ಆಸ್ಪತ್ರೆಯಲ್ಲಿ ಸೇಹತ್ ಸಂಸ್ಥೆ ಮತ್ತು ಪಾಲಿಕೆ ಸೇರಿ ದಿಲಾಸಾ ಎಂಬ ಆಪ್ತಸಲಹಾ ವಿಭಾಗ ಕಟ್ಟಿ ಎರಡು ದಶಕ ದಾಟಿತು. ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಯೇ ಕಲಿತು ಮಾಡಬಹುದೆಂದು ತೋರಿಸಿದ್ದು ಅದು. ನಿಮ್ಹಾನ್ಸ್ 2022ರಿಂದ ಸ್ತ್ರೀ ಮನೋರಕ್ಷಾ ಹೆಸರಿನಲ್ಲಿ ಸಖಿ ಕೇಂದ್ರಗಳವರಿಗೆ ತರಬೇತಿ ಕೊಟ್ಟಿದೆ. ಮೈಸೂರಿನಲ್ಲಿ ಒಡನಾಡಿ ಸಂಸ್ಥೆ ಇದೆ. ಸಹಾಯವಾಣಿಗಳ ನಂಬರು 181, 1098, 112, ಮನಸ್ಸಿನ ಕಷ್ಟಕ್ಕೆ 14416, ಇವನ್ನು ಹೆಂಗಸರ ಶೌಚಾಲಯದ ಗೋಡೆಗೆ ಅಂಟಿಸು, ಅಲ್ಲಿ ಗಂಡ ನಿಂತಿರುವುದಿಲ್ಲ. ಈ ನಂಬರುಗಳ ಚೀಟಿಯನ್ನು ಅವಳ ಕೈಗೆ ಕೊಡಬೇಡ, ಮನೆಯಲ್ಲಿ ಸೊಂಟದ ಚೀಲ ತಡಕುತ್ತಾರೆ.

ಊರು ಚಿಕ್ಕದು. ಆಶಾ ಕಾರ್ಯಕರ್ತೆ ಅವಳ ವಾರಗಿತ್ತಿಯಾಗಿರಬಹುದು, ಡಿ ಗ್ರೂಪಿನವನು ಗಂಡನ ದೋಸ್ತಿಯಾಗಿರಬಹುದು. ಒಳಗಿನ ಮಾತು ಸಂಜೆಗೆ ಟೀ ಅಂಗಡಿ ತಲುಪಿದರೆ ಮತ್ತೆ ಯಾವ ಹೆಣ್ಣೂ ನಿನ್ನ ಹತ್ತಿರ ಬಾಯಿ ಬಿಡಳು. ಗುಟ್ಟು ಕಾಯುವುದನ್ನು ಎಲ್ಲರಿಗೂ ಕಲಿಸು. ಕಲಿಸುವಾಗ ನಿನ್ನ ಸಿಬ್ಬಂದಿಯಲ್ಲೇ ಹೊಡೆತ ತಿನ್ನುವವರು ಇರಬಹುದೆಂದು ನೆನಪಿಟ್ಟು ಮಾತಾಡು. ಇಂಗ್ಲಿಷಿನ ಕೈಪಿಡಿಯನ್ನು ಅವರ ಮುಂದೆ ಎಸೆದರೆ ಉಪಯೋಗವಿಲ್ಲ; ತಿಂಗಳ ಸಭೆಯಲ್ಲಿ ಒಂದೊಂದು ಪುಟ ನಮ್ಮ ಮಾತಲ್ಲಿ ಹೇಳು, ಒಬ್ಬರು ರೋಗಿ ಒಬ್ಬರು ಸಿಸ್ಟರ್ ಆಗಿ ಆಡಿ ನೋಡಲಿ.

ಈ ತಿಂಗಳ ಆಶಾ ಸಭೆಯಿಂದಲೇ ಶುರು ಮಾಡು. ಅದಕ್ಕೂ ಮುಂಚೆ ಸಿಡಿಪಿಓ ಕಚೇರಿಗೆ ಒಮ್ಮೆ ಹೋಗಿ ಮುಖ ಪರಿಚಯ ಮಾಡಿಕೊಂಡು, ಒಂದನೇ ನಮೂನೆಯ ಇಪ್ಪತ್ತು ಜೆರಾಕ್ಸ್ ತೆಗೆಸಿ ಮೇಜಿನಲ್ಲಿ ಇಟ್ಟುಕೋ.