ನಿಂತೇ ದುಡಿಯುವವರ ಕಾಲಿನ ನರ

ಕೊಟ್ಟೂರಿನ ಮಿರ್ಚಿ ಬಾಣಲೆ ಮುಂದೆ, ಹರಪನಹಳ್ಳಿಯ ಬಟ್ಟೆ ಅಂಗಡಿಯ ಕೌಂಟರಿನಲ್ಲಿ, ಶಾಲೆಯ ಕರಿಹಲಗೆ ಪಕ್ಕ ದಿನವಿಡೀ ನಿಲ್ಲುವವರ ಕಾಲು ಸಂಜೆ ಹೊತ್ತಿಗೆ ಭಾರವಾಗುತ್ತದೆ. ಪಾದದ ಕೀಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಮೀನಖಂಡದಲ್ಲಿ ನೀಲಿ ನರ ಗಂಟುಗಂಟಾಗಿ ಉಬ್ಬುತ್ತದೆ. ದುಡಿದ ಕಾಲು, ಕೂತರೆ ಸರಿಹೋದೀತು ಎನ್ನುವವರೇ ಹೆಚ್ಚು. ಆದರೆ ದುಡಿತಕ್ಕಿಂತ ಕಾಲನ್ನು ಕೆಡಿಸುವುದು ಕದಲದೆ ನಿಲ್ಲುವುದು. ಹೆಜ್ಜೆ ಹಾಕಿದಾಗಲೆಲ್ಲ ಮೀನಖಂಡದ ಸ್ನಾಯು ನರವನ್ನು ಹಿಂಡಿ ರಕ್ತವನ್ನು ಹೃದಯದತ್ತ ತಳ್ಳುತ್ತದೆ. ಒಳಗಿನ ಪುಟ್ಟ ಕವಾಟಗಳು ಅದು ಕೆಳಗೆ ಜಾರದಂತೆ ತಡೆಯುತ್ತವೆ. ನಿಂತಲ್ಲೇ ನಿಂತರೆ ಹಿಂಡುವವರಿಲ್ಲ. ವರ್ಷಗಟ್ಟಲೆ ಒತ್ತಡ ಬಿದ್ದು ಕವಾಟ ಸಡಿಲವಾದರೆ ಯಾವ ಎಣ್ಣೆ ಮಾಲೀಶೂ ಅದನ್ನು ರಿಪೇರಿ ಮಾಡದು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಗಂಟೆಗಟ್ಟಲೆ ಕೂರುವುದರಿಂದಲೂ ಇದೇ ಗತಿ.

ಹಾಗಾಗಿ ಆರೈಕೆ ಬೆಳಿಗ್ಗೆಯೇ ಶುರುವಾಗಬೇಕು. ಒತ್ತಡದ ಕಾಲುಚೀಲವನ್ನು ಹಾಸಿಗೆಯಿಂದ ಏಳುವ ಮುನ್ನ, ಬಾವು ಇಳಿದಿರುವಾಗಲೇ ಹಾಕಿಕೊಳ್ಳಿ. ಕೊಳ್ಳುವಾಗ ಅಳತೆ ಕೊಡುವುದೂ ಬೆಳಗಿನ ಹೊತ್ತಿನಲ್ಲೇ. ಕೆಲಸದ ನಡುವೆ ಅರ್ಧ ಗಂಟೆಗೊಮ್ಮೆ 15–20 ಸಲ ಹಿಮ್ಮಡಿ ಎತ್ತಿ ಇಳಿಸಿ, ನಾಲ್ಕು ಹೆಜ್ಜೆ ಓಡಾಡಿ. ಮನೆಗೆ ಬಂದ ಮೇಲೆ ಮಲಗಿ, ಪಾದ ಎದೆಗಿಂತ ಮೇಲಿರುವಂತೆ ದಿಂಬಿನ ಮೇಲೆ 15–20 ನಿಮಿಷ ಇಡಿ. ರಾತ್ರಿ ಕಾಲುಚೀಲ ತೆಗೆಯಿರಿ. ಅಂಗಡಿ ನೌಕರರಿಗೆ ಆಸನ ಕೊಡಲೇಬೇಕೆಂದು ತಮಿಳುನಾಡು 2021ರಲ್ಲಿ ಕಾನೂನು ತಿದ್ದಿತು. ನಮ್ಮ ಮಾಲೀಕರು ಕಾನೂನಿಗೆ ಕಾಯದೆ ಒಂದು ಸ್ಟೂಲ್ ಇಟ್ಟರೆ ನಷ್ಟವೇನೂ ಇಲ್ಲ.

ಹಡಗಲಿಯ ಮಲ್ಲಿಗೆ ತೋಟದಲ್ಲಿ, ಕೂಡ್ಲಿಗಿಯ ಶೇಂಗಾ ಹೊಲದಲ್ಲಿ ಓಡಾಡುವವರಿಗೂ ನರ ಉಬ್ಬುತ್ತದಲ್ಲ ಎಂದು ಕೇಳಬಹುದು. ನಿಜ. ಮನೆತನದ ಗುಣ, ಮೇಲಿಂದ ಮೇಲೆ ಬಸಿರು, ವಯಸ್ಸು, ತೂಕ ಇವೂ ಕಾರಣ. ನಡಿಗೆ ಅವನ್ನು ಅಳಿಸದು, ಬಾವು ನೋವು ಹತೋಟಿಯಲ್ಲಿಡುತ್ತದೆ. ಹಗರಿಬೊಮ್ಮನಹಳ್ಳಿಯ ಬೇಸಿಗೆಯಲ್ಲಿ ಬಿಗಿ ಕಾಲುಚೀಲ ಹೇಗೆ ಹಾಕುವುದು ಎಂಬ ಆಕ್ಷೇಪವೂ ನ್ಯಾಯವೇ: ಸಾಮಾನ್ಯವಾಗಿ ಮೊಣಕಾಲಿನವರೆಗಿನದು ಸಾಕು. ಆದರೆ ನಡೆದಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವಂತಿದ್ದರೆ, ಪಾದ ತಣ್ಣಗಿದ್ದರೆ, ಬೀಡಿ ಚಟ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರು ಪಾದದ ನಾಡಿ ನೋಡುವ ಮುನ್ನ ಕಾಲುಚೀಲ ಬೇಡ; ಶುದ್ಧರಕ್ತದ ನಾಳವೇ ಕಟ್ಟಿದ್ದರೆ ಅದು ಅಪಾಯ.

ಒಳಗಾಲಿನ ಗಂಟಿನ ಹತ್ತಿರ ಚರ್ಮ ಕಂದಾಗಿ ತುರಿಸಿದರೆ, ಹುಣ್ಣಾದರೆ ಮುಲಾಮು ಹಚ್ಚುತ್ತ ಕೂರದೆ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ಕೆಟ್ಟ ನರವನ್ನು ಬೇಗ ಮುಚ್ಚಿಸಿದರೆ ಹುಣ್ಣು ಬೇಗ ಮಾಯುತ್ತದೆಂದು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನ ತೋರಿಸಿದೆ. ಈ ಚಿಕಿತ್ಸೆಗೆ ಹರಪನಹಳ್ಳಿ ಕಡೆಯವರಿಗೆ ದಾವಣಗೆರೆ, ಕೂಡ್ಲಿಗಿಯವರಿಗೆ ಬಳ್ಳಾರಿ ಅನುಕೂಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಖರ್ಚು ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ತಕ್ಷಣ ಮಲಗಿ, ಕಾಲೆತ್ತಿ, ಶುಭ್ರ ಬಟ್ಟೆಯಿಂದ 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಒಂದೇ ಕಾಲು ದಿಢೀರನೆ ಊದಿ ನೋಯುತ್ತಿದ್ದರೆ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ; ಜತೆಗೆ ಉಸಿರು ಕಟ್ಟಿದರೆ ಆಗಲೂ 108.