ರಣಹದ್ದುಗಳ ಗಣತಿಯಿಂದ ದನಗಾರರು ಕಲಿಯತಕ್ಕ ಪಾಠ

ದನವು ಸತ್ತರೆ ಊರಾಚೆಯ ಬಯಲಿಗೆ ಎಳೆದು ಹಾಕುವುದೂ, ರಣಹದ್ದುಗಳು ಇಳಿದು ಕೆಲವು ಗಂಟೆಗಳಲ್ಲಿಯೇ ಮೂಳೆಗಳನ್ನು ಮಾತ್ರ ಉಳಿಸುವುದೂ ಹಿಂದೆ ವಾಡಿಕೆಯಾಗಿದ್ದಿತು. ಈಗ ಆ ಪಕ್ಷಿಗಳು ಬಹುತೇಕ ಗ್ರಾಮಗಳಲ್ಲಿ ಕಾಣಬರುವುದಿಲ್ಲ. ಹೆಣಗಳು ಕೊಳೆತು ನಾರುವುವು. ಅವುಗಳ ಮೇಲೆ ನಾಯಿಗಳು ಹೆಚ್ಚುವುವು.

ಹಕ್ಕಿ ಕಡಮೆಯಾಯಿತೆಂದು ಎಲ್ಲರೂ ಹೇಳಬಹುದು. ಎಷ್ಟು ಕಡಮೆಯಾಯಿತೆಂಬುದನ್ನು ಗಣತಿಯೊಂದೇ ಹೇಳಬಲ್ಲದು. 1990ರ ದಶಕದ ಆರಂಭದಲ್ಲಿ ದೇಶದ ಅನೇಕ ಪ್ರಾಂತ್ಯಗಳಲ್ಲಿ ರಸ್ತೆಗಳ ಉದ್ದಕ್ಕೂ ರಣಹದ್ದುಗಳನ್ನು ಎಣಿಸಿದ್ದರು. ಅದೇ ರಸ್ತೆಗಳಲ್ಲಿ 2000ದಿಂದ ಮುಂದೆ ಮತ್ತೆ ಮತ್ತೆ ಎಣಿಸಲಾಯಿತು. 1992ರಲ್ಲಿ ಬಿಳಿಬೆನ್ನಿನ ರಣಹದ್ದುಗಳು ಸಾವಿರವಿದ್ದ ಕಡೆ 2007ರಲ್ಲಿ ಒಂದು ಮಾತ್ರ ಉಳಿದಿದ್ದಿತೆಂದು ಲೆಕ್ಕವು ತೋರಿಸಿತು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಪಕ್ಷಿಗೆ ಈ ನಷ್ಟವನ್ನು ಬೇಗನೆ ತುಂಬಿಕೊಳ್ಳುವ ಶಕ್ತಿಯಿಲ್ಲ.

ಕಾರಣವು 2004ರಲ್ಲಿ ಪ್ರಕಟವಾಯಿತು. ದನಗಳ ನೋವಿಗೂ ಬಾವಿಗೂ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಹೆಣದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುತ್ತಿದ್ದಿತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಮೆ ವಿಷಯುಕ್ತವಾಗಿದ್ದರೂ ಇಂತಹ ನಾಶವು ಸಂಭವಿಸುವುದೆಂದು ಲೆಕ್ಕದಿಂದ ತಿಳಿದುಬಂದಿರುತ್ತದೆ. ಏಕೆಂದರೆ ಒಂದೇ ಹೆಣಕ್ಕೆ ಅನೇಕ ಪಕ್ಷಿಗಳು ಕೂಡುವುವು. ಆದುದರಿಂದ ಒಬ್ಬ ದನಗಾರನ ಅಲಕ್ಷ್ಯವೂ ಸಣ್ಣದಲ್ಲ.

ಭಾರತ ಸರ್ಕಾರವು 2006ರಲ್ಲಿ ದನಗಳಿಗಾಗಿ ಈ ಔಷಧವನ್ನು ತಯಾರಿಸುವುದನ್ನು ತಡೆಯಿತು. ಮನುಷ್ಯರಿಗಾಗಿ ಬಂದ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುತ್ತಿದ್ದುದರಿಂದ, 2015ರಲ್ಲಿ ಚುಚ್ಚುಮದ್ದಿನ ಸೀಸೆಯನ್ನು 3 ಮಿಲಿಲೀಟರಿಗೆ ಮಿತಗೊಳಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳೂ ಪಶುಗಳಿಗೆ ನಿಷಿದ್ಧವಾದುವು. ಮೊದಲನೆಯ ನಿಷೇಧದ ತರುವಾಯ ಇಳಿಕೆಯ ವೇಗವು ಕುಗ್ಗಿದುದನ್ನು ತೋರಿಸಿದುದೂ ಗಣತಿಯೇ. ನಮ್ಮ ರಾಜ್ಯದಲ್ಲಿ ರಾಮನಗರದ ಬಳಿಯ ರಾಮದೇವರ ಬೆಟ್ಟವು 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ಆದರೆ ಪಕ್ಷಿಯು ಗೂಡುಕಟ್ಟುವುದು ಬೆಟ್ಟದಲ್ಲಾದರೂ ಉಣ್ಣುವುದು ಸುತ್ತಣ ಬಯಲಿನಲ್ಲಿ.

ಗ್ರಾಮದ ಮುಖಂಡರೂ ಜಮೀನುದಾರರೂ ಅನುಸರಿಸತಕ್ಕ ಕ್ರಮಗಳಿವು:

1. ದನದ ನೋವಿಗೆ ಪಶುವೈದ್ಯರನ್ನು ಕೇಳಿ, ರಣಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕಮ್ ಔಷಧವನ್ನು ಕೊಡಿಸತಕ್ಕದ್ದು.

2. ಬೇರೆ ನೋವಿನ ಔಷಧವನ್ನು ಕೊಟ್ಟ ಕೆಲವು ದಿನಗಳೊಳಗೆ ದನವು ಸತ್ತರೆ ಹೆಣವನ್ನು ಬಯಲಿಗೆ ಹಾಕದೆ ಆಳವಾಗಿ ಹೂಳತಕ್ಕದ್ದು.

3. ಪ್ರತಿವರ್ಷವೂ ಅದೇ ತಿಂಗಳು, ಅದೇ ದಾರಿ, ಅದೇ ಹೊತ್ತಿನಲ್ಲಿ ಕಂಡ ರಣಹದ್ದುಗಳನ್ನು ಎಣಿಸಿ ಬರೆದಿಡತಕ್ಕದ್ದು. ಒಂದೂ ಕಾಣದಿದ್ದರೆ ಸೊನ್ನೆಯೆಂದೇ ಬರೆಯತಕ್ಕದ್ದು. ಆ ಸೊನ್ನೆಯೂ ಲೆಕ್ಕವೇ. ಮುಂದೊಂದು ವರ್ಷ ಅದರ ಕೆಳಗೆ ಒಂದೆಂದು ಬರೆಯುವಂತಾದರೆ, ನಮ್ಮ ಎಚ್ಚರಿಕೆಯು ಫಲಿಸುತ್ತಿದೆಯೆಂದು ಆಶಿಸಬಹುದು.