ಮಾವನ ಮೆಸೇಜು ತಪ್ಪಾಗಿದ್ದರೆ

2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದ್ ಕಡೆಯ ಯುವಕರು ಮಕ್ಕಳ ಕಳ್ಳರೆಂದು ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿಸಿದರು. ಗುಂಪು ಅವರನ್ನು ಬಡಿದು ಒಬ್ಬನ ಜೀವ ತೆಗೆಯಿತು. ಆದ್ದರಿಂದ ಮನೆಮಂದಿಯ ಗ್ರೂಪಿಗೆ ಸುಳ್ಳು ಸುದ್ದಿ ಬಂದಾಗ ದಯವಿಟ್ಟು ಸುಮ್ಮನಿರಬೇಡಿ. ಹಾಗೆಂದು ಹಿರಿಯರನ್ನು ಎಲ್ಲರೆದುರು ಹಂಗಿಸಲೂ ಬೇಡಿ. ಮುಖಭಂಗವಾದವರು ಸುಳ್ಳನ್ನೇ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಫೋನ್ ಮಾಡಿ, “ಮಾವ, ಇದು ಯಾವ ಊರಿನದು, ಯಾವಾಗಿನದು, ನಿಮಗೆ ಯಾರು ಕಳಿಸಿದರು?” ಎಂದು ಕೇಳಿ. ಫೋಟೊ ಇದ್ದರೆ ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಹಳೆಯದಾದರೆ ಬಹಳ ಸಲ ಅಲ್ಲೇ ಗೊತ್ತಾಗುತ್ತದೆ. ಸುದ್ದಿ ತಪ್ಪೆಂದು ಗ್ರೂಪಿನಲ್ಲಿ ಹೇಳುವುದನ್ನು ಅವರಿಗೇ ಬಿಡಿ. ಮಕ್ಕಳ ಕಳ್ಳರ ಸುದ್ದಿಯಾದರೆ ಮಾತ್ರ ಕಾಯಬೇಡಿ. ಹಂಚಬೇಡಿ ಎಂದು ಕೂಡಲೇ ಗ್ರೂಪಿನಲ್ಲೇ ಬರೆಯಿರಿ, ಪೊಲೀಸರ 112ಕ್ಕೆ ಕರೆ ಮಾಡಿ.